ಬೆಳ್ಳಾವೆ ವೆಂಕಟನಾರಣಪ್ಪನವರೂ ನನ್ನ ದವಡೆಯೂ

ನನ್ನ ಕೆಳತುಟಿಯ ಎಡಭಾಗಕ್ಕೆ ಸ್ಪರ್ಶಜ್ಞಾನವು ಮಂದವಾಗಿ ಈಗ್ಗೆ ಹದಿನಾಲ್ಕು ತಿಂಗಳಾಯಿತು. ಕಾಫಿ ಕುಡಿಯುವಾಗ ಹನಿಯೊಂದು ಗಲ್ಲಕ್ಕಿಳಿದರೆ ಎದುರಿಗೆ ಕುಳಿತವರು ಸನ್ನೆ ಮಾಡಿದ ಮೇಲೆಯೇ ನನಗೆ ತಿಳಿಯುವುದು. ಒಬ್ಬ ಹಿರಿಯ ವಿದ್ವಾಂಸರ ಜೀವನವನ್ನು ಹೇಳಹೊರಟವನು ಸ್ವಂತ ತುಟಿಯ ವಿಚಾರದಿಂದ ಆರಂಭಿಸುವುದು ಔಚಿತ್ಯವಲ್ಲವೆಂದು ವಾಚಕರಿಗೆ ತೋರಬಹುದು. ಆದರೆ ಬೆಳ್ಳಾವೆ ವೆಂಕಟನಾರಣಪ್ಪನವರ ಕಡೆಗೆ ನನ್ನನ್ನು ಎಳೆದುಕೊಂಡು ಹೋದದ್ದು ಈ ತುಟಿಯೇ ಆದಕಾರಣ ನನಗೆ ಬೇರೆ ದಾರಿಯಿಲ್ಲ.

ನಾನು ತುಮಕೂರಿನ ಉಪ್ಪಾರಹಳ್ಳಿಯ ನಿವಾಸಿ; ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತನಾದವನು. ಕೆಳದವಡೆಯಲ್ಲಿ ಎಡಗಡೆಯ ಒಂದು ಹಲ್ಲು ಹುಳುಕಾಗಿ ಹೋದ ಮೇಲೆ ಅದರ ಸ್ಥಳದಲ್ಲಿ ಇಂಪ್ಲಾಂಟ್ ಹಾಕಿಸಿಕೊಳ್ಳುವುದೆಂದು ನಿಶ್ಚಯವಾಯಿತು. ವೈದ್ಯರು ಸಜ್ಜನರು. ನಾಲ್ಕು ಪುಟದ ಇಂಗ್ಲಿಷ್ ಕಾಗದವೊಂದನ್ನು ಮುಂದಿಟ್ಟು, ಓದಿ ಸಹಿ ಮಾಡಬೇಕೆಂದೂ ಸಂದೇಹವಿದ್ದರೆ ಕೇಳಬೇಕೆಂದೂ ಹೇಳಿದರು. ಅದರಲ್ಲಿ ಅಬಟ್‌ಮೆಂಟ್ ಇತ್ತು, ಆಸಿಯೋಇಂಟಿಗ್ರೇಷನ್ ಇತ್ತು, ಪ್ಯಾರಿಸ್ಥೀಸಿಯಾ ಎಂಬುದೊಂದಿತ್ತು. ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು ಇವುಗಳ ಅರ್ಥವೇನೆಂದು ಆ ಹುಡುಗವಯಸ್ಸಿನ ವೈದ್ಯರನ್ನು ಕೇಳುವುದೇ? ನಾಚಿಕೆ ಅಡ್ಡ ಬಂದಿತು. ಎಲ್ಲ ಬಲ್ಲವನಂತೆ ತಲೆಯಾಡಿಸಿ ಸಹಿ ಹಾಕಿದೆ.

ಶಸ್ತ್ರಕ್ರಿಯೆ ಮುಗಿಸಿಕೊಂಡು ಮನೆಗೆ ಬಂದು ಕನ್ನಡಿ ನೋಡಿದರೆ ಅಲ್ಲಿ ಹಲ್ಲೇ ಇರಲಿಲ್ಲ; ವಸಡಿನ ಮೇಲೆ ಎರಡು ಹೊಲಿಗೆಗಳಿದ್ದುವು, ಅಷ್ಟೆ. ಇಂಪ್ಲಾಂಟ್ ಎಂದರೆ ಹೊಸ ಹಲ್ಲೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅದು ದವಡೆಯ ಮೂಳೆಯೊಳಗೆ ಕೂರಿಸುವ ಟೈಟೇನಿಯಂ ತಿರುಪು ಮಾತ್ರ. ಅದರ ಮೇಲೆ ಕತ್ತಿನಂತೆ ನಿಲ್ಲುವುದು ಅಬಟ್‌ಮೆಂಟ್; ಕಣ್ಣಿಗೆ ಕಾಣುವ ಹಲ್ಲು, ಅಂದರೆ ಕ್ರೌನ್, ಬರುವುದು ಕೆಲವು ತಿಂಗಳ ಮೇಲೆ. ಈ ಅಜ್ಞಾನಕ್ಕೆ ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅರಿವಳಿಕೆಯ ಜೋಮು ಸಂಜೆಯೊಳಗೆ ಇಳಿಯಬೇಕಾಗಿದ್ದುದು ಮಾರನೆಯ ದಿನವೂ ಇಳಿಯಲಿಲ್ಲ, ವಾರವಾದರೂ ಇಳಿಯಲಿಲ್ಲ. ಕೆಳದವಡೆಯ ಮೂಳೆಯೊಳಗೆ ಒಂದು ಸಣ್ಣ ಕಾಲುವೆಯುಂಟು. ತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನು ಕೊಡುವ ನರವು ಆ ಕಾಲುವೆಯಲ್ಲಿ ಹರಿದು ಬರುತ್ತದೆ. ತಿರುಪಿಗಾಗಿ ಮಾಡಿದ ರಂಧ್ರವು ಆ ನರಕ್ಕೆ ತೀರ ಹತ್ತಿರವಾಗಿತ್ತು. ಹೀಗಾಗಬಹುದೆಂಬ ಮುನ್ನೆಚ್ಚರಿಕೆಯೇ ಆ ಕಾಗದದ ಮೂರನೆಯ ಪುಟದಲ್ಲಿದ್ದ ಪ್ಯಾರಿಸ್ಥೀಸಿಯಾ. ನಮ್ಮ ಹಟ್ಟಿಯ ಹುಡುಗನಿಗೂ ಗೊತ್ತಿರುವ ಮಾತಿನಲ್ಲಿ ಹೇಳಿದರೆ, ಜೋಮು. ಆ ಒಂದು ಮಾತು ಕಾಗದದ ಮೇಲಿದ್ದಿದ್ದರೆ ನನ್ನ ಕೈ ಸಹಿಗೆ ಮುಂಚೆ ಒಂದು ಕ್ಷಣವಾದರೂ ನಿಲ್ಲುತ್ತಿತ್ತು.

ಆ ದಿನಗಳಲ್ಲಿ ಒಂದು ರಾತ್ರಿ ನಿದ್ರೆ ಬಾರದೆ ಕಪಾಟಿನಿಂದ ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ಕೆಳಕ್ಕಿಳಿಸಿದೆ. 1946ರಲ್ಲಿ ಪ್ರಕಟವಾದ, ಎರಡು ಕೈಯಲ್ಲಿ ಎತ್ತಬೇಕಾದ ಗ್ರಂಥ. ಅದರ ಸಂಪಾದಕತ್ವದ ಹೊಣೆ ಹೊತ್ತು, ಅದು ಅಚ್ಚಾಗಿ ಬಂದುದನ್ನು ಕಾಣದೆ ತೀರಿಕೊಂಡವರು ವೆಂಕಟನಾರಣಪ್ಪನವರು. ಅವರ ಹೆಸರಿನ ಮುಂದಿರುವ ಬೆಳ್ಳಾವೆ ನಮ್ಮ ತುಮಕೂರು ತಾಲ್ಲೂಕಿನದೇ ಊರು. ಈಗ ಬಸ್ಸಿನ ಫಲಕದಲ್ಲಿ ಬೆಳ್ಳಾವಿ ಎಂದು ಬರೆದಿರುತ್ತದೆ. ಎಷ್ಟೋ ಬಾರಿ ಆ ಊರಿನ ಮೂಲಕ ಹಾದುಹೋಗಿದ್ದರೂ ಅವರನ್ನು ನೆನೆದಿರಲಿಲ್ಲ. ತರಗತಿಯಲ್ಲಿ ನಾನು ಮೂವತ್ತು ವರ್ಷ ಆಡಿದ ಮಾತುಗಳ ಸಾಲ ಯಾರದೆಂದು ಆ ರಾತ್ರಿ ಮೊದಲ ಬಾರಿಗೆ ಯೋಚಿಸಿದೆ.

ವೆಂಕಟನಾರಣಪ್ಪನವರು ಹುಟ್ಟಿದ್ದು 1872ರಲ್ಲಿ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಒಡೆಯರ ಮನೆತನಕ್ಕೆ ರಾಜ್ಯವು ಹಿಂದಿರುಗಿದ್ದು 1881ರಲ್ಲಿ. ಬುದ್ಧಿವಂತನಾದ ಹಳ್ಳಿಯ ಹುಡುಗನಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿ ಇಂಗ್ಲಿಷಿನದು. ಆ ದಾರಿಯಲ್ಲಿ ನಡೆದು ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ. ಬೆಳಕು, ಶಾಖ, ವಿದ್ಯುತ್ತು, ಕಾಂತಗಳ ವಿಚಾರವನ್ನು ಹಗಲೆಲ್ಲ ಇಂಗ್ಲಿಷಿನಲ್ಲಿ ಹೇಳಿ ಸಂಜೆ ಕನ್ನಡದ ಮನೆಗೆ ಹಿಂದಿರುಗುವ ಮನುಷ್ಯನು, ತಾನು ಬಲ್ಲದ್ದನ್ನು ತನ್ನ ಊರಿನವರಿಗೆ ಹೇಳಬೇಕಾದರೆ ಮಾತೆಲ್ಲಿದೆ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಅನೇಕರು ಎದುರಿಸಿ ಸುಮ್ಮನಾದರು. ಇವರು ಸುಮ್ಮನಾಗಲಿಲ್ಲ. ಅವರ ಮುಂದಿನ ಬಾಳೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರವೆಂದರೆ ಅತಿಶಯೋಕ್ತಿಯಾಗಲಾರದು.

ಆಗ ಕನ್ನಡಿಗರ ಕೈಯಲ್ಲಿದ್ದ ಸಾಧನಗಳು ಸ್ವಲ್ಪವೇ. ರೀವ್ ಎಂಬ ಪಾದ್ರಿಯ ಇಂಗ್ಲಿಷ್-ಕನ್ನಡ ಕೋಶವು 1824ರಷ್ಟು ಹಳೆಯದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶವು ಕನ್ನಡದ ಮಾತುಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವುದು. ಕನ್ನಡದ ಒಳಗೆ ಏನಿದೆಯೆಂದು ಹೊರಗಿನವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಗ್ರಂಥವಿಲ್ಲ. ಆದರೆ ಹೊರಗಿನ ಹೊಸ ತಿಳಿವಳಿಕೆಯನ್ನು ಕನ್ನಡದ ಒಳಕ್ಕೆ ತರಲು ಬೇಕಾದ ಬಾಗಿಲು ಎದುರು ದಿಕ್ಕಿನದು. ಆ ಬಾಗಿಲಿನ ಕೆಲಸ ಬಾಕಿಯಿತ್ತು.

1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯ. ಆ ಉತ್ಸಾಹದ ದಿನಗಳಲ್ಲಿಯೇ ವೆಂಕಟನಾರಣಪ್ಪನವರೂ ಅವರ ಗೆಳೆಯರೂ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ಕಟ್ಟಿದರು. ಜನರಿಗೆ ವಿಜ್ಞಾನವನ್ನು ಕನ್ನಡದಲ್ಲಿ ತಿಳಿಸುವುದು ಅದರ ಉದ್ದೇಶ. ಸಮಿತಿಯ ಪರವಾಗಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ವಿಜ್ಞಾನಕ್ಕೆಂದೇ ಮೀಸಲಾದ ಮೊದಲ ಕನ್ನಡ ಪತ್ರಿಕೆಯೆಂದು ಇದನ್ನು ಎಣಿಸುತ್ತಾರೆ. ಎರಡು ವರ್ಷ ನಡೆದು ಅದು ನಿಂತಿತು. ಎರಡೇ ವರ್ಷವೆಂದು ಮರುಗುವವರು, ಆ ಎರಡು ವರ್ಷ ಪ್ರತಿ ತಿಂಗಳೂ ಒಂದೊಂದು ವಾಕ್ಯಕ್ಕೂ ಮಾತು ಹುಡುಕಬೇಕಾಗಿದ್ದ ಸಂಪಾದಕರ ಕಷ್ಟವನ್ನು ಊಹಿಸಿಕೊಳ್ಳಬೇಕು. ಮಾತಿಲ್ಲವೆಂದು ಲೇಖನವನ್ನು ಬಿಡುವಂತಿಲ್ಲ. ಇಂಗ್ಲಿಷನ್ನೇ ಸಾಲಾಗಿ ಕೂರಿಸಿದರೆ ಪತ್ರಿಕೆಯ ಉದ್ದೇಶವೇ ಕೆಡುವುದು. ಕಠಿನವಾದ ಸಂಸ್ಕೃತವನ್ನು ತುಂಬಿದರೆ ಓದುವವನಿಗೆ ಎರಡೂ ಒಂದೇ.

ಪಾರಿಭಾಷಿಕ ಪದಗಳ ಈ ಸಂಕಟವನ್ನು ವಾಚಕರಿಗೆ ತಿಳಿಸಲು ನನ್ನ ದವಡೆಗಿಂತ ಹತ್ತಿರದ ದೃಷ್ಟಾಂತ ನನಗಿಲ್ಲ. ಬಾಯಿಯೊಳಗಿನ ಬಹುಭಾಗಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಹೆಸರಿದೆ. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು, ಹಾಲುಹಲ್ಲು, ವಸಡು, ಅಂಗುಳು, ಕಿರುನಾಲಗೆ ಇವುಗಳಲ್ಲಿ ಒಂದನ್ನೂ ಯಾವ ಪಂಡಿತರೂ ಕುಳಿತು ಸೃಷ್ಟಿಸಲಿಲ್ಲ. ಬಾಚಿಯು ಬಡಗಿಯ ಆಯುಧ. ಅದರ ಅಲಗಿನಂತೆ ಕತ್ತರಿಸುವ ಹಲ್ಲು ಬಾಚಿಹಲ್ಲು. ಇಂತಹ ಮಾತನ್ನು ಕೇಳಿದ ಹುಡುಗನಿಗೆ ಹಲ್ಲಿನ ಆಕಾರವೂ ಕೆಲಸವೂ ಒಟ್ಟಿಗೆ ತಿಳಿದುಹೋಗುತ್ತವೆ. ಮಾತು ಇರುವಲ್ಲಿ ಅದನ್ನು ಬಳಸದಿರುವುದು ಮೊದಲನೆಯ ತಪ್ಪು.

ಮಾತು ಬೇರೆ ಕಸುಬಿನಲ್ಲಿ ಇದ್ದು, ಇಲ್ಲಿಗೆ ಕರೆದರೆ ಬರುವಂತಿರುವುದು ಎರಡನೆಯ ಸಂದರ್ಭ. ದವಡೆಯ ಮೂಳೆ ಸವೆದಿದ್ದರೆ ಬೇರೆಡೆಯಿಂದ ಮೂಳೆಯ ಅಂಶವನ್ನು ತಂದು ತುಂಬುತ್ತಾರೆ. ವೈದ್ಯರು ಅದನ್ನು ಬೋನ್ ಗ್ರಾಫ್ಟ್ ಎನ್ನುತ್ತಾರೆ. ನಮ್ಮ ಸೀಮೆಯ ತೋಟಗಾರನು ಮಾವಿನ ಗಿಡಕ್ಕೆ ಮಾಡುವ ಕಸಿಯೂ ಇಂಗ್ಲಿಷಿನಲ್ಲಿ ಗ್ರಾಫ್ಟೇ. ಮೂಳೆಕಸಿ ಎಂದರೆ ತುಮಕೂರು ಸೀಮೆಯಲ್ಲಿ ಯಾರಿಗೆ ತಿಳಿಯದು? ಮೂರನೆಯದು ವಸ್ತುವೂ ಹೆಸರೂ ಒಟ್ಟಿಗೆ ಹೊರಗಿನಿಂದ ಬಂದುದು. ಟೈಟೇನಿಯಂ ಲೋಹಕ್ಕೆ ಕನ್ನಡದ ಹೆಸರನ್ನು ಹುಡುಕಿ ಹೊರಡುವುದು ವ್ಯರ್ಥ. ಇರುವುದನ್ನು ಉಳಿಸಿಕೊಳ್ಳುವುದು, ಹತ್ತಿರದ್ದನ್ನು ಕರೆಯುವುದು, ಬಂದುದನ್ನು ಬರಮಾಡಿಕೊಳ್ಳುವುದು ಎಂಬ ಈ ಮೂರರ ನಡುವೆ ತೂಕ ತಪ್ಪದಂತೆ ನಡೆಯುವುದೇ ಪದರಚನೆಯ ಕಷ್ಟವೆಲ್ಲ. ‘ವಿಜ್ಞಾನ’ದ ಸಂಪಾದಕರು ತಿಂಗಳು ತಿಂಗಳೂ ಹಿಡಿಯಬೇಕಾಗಿದ್ದ ತಕ್ಕಡಿ ಇದು.

ಭೌತವಿಜ್ಞಾನದ ಈ ಅಧ್ಯಾಪಕರು ಮುಂದೆ ಕೈಹಾಕಿದ ಒಂದು ಕೆಲಸ ಮೇಲುನೋಟಕ್ಕೆ ಆಶ್ಚರ್ಯವನ್ನುಂಟುಮಾಡುವುದು. ಪಂಪನ ವಿಕ್ರಮಾರ್ಜುನವಿಜಯವನ್ನು ರೈಸ್ ಸಾಹೇಬರು 1898ರಲ್ಲಿ ಮೊದಲು ಅಚ್ಚು ಹಾಕಿಸಿದ್ದರು. ಅದನ್ನು ಮತ್ತೆ ಪರಿಷ್ಕರಿಸಿ ಪರಿಷತ್ತು 1931ರಲ್ಲಿ ಹೊರತಂದಿತು. ಆ ಪರಿಷ್ಕರಣದ ಭಾರವನ್ನು ಹೊತ್ತವರು ವೆಂಕಟನಾರಣಪ್ಪನವರೇ. ಹತ್ತನೆಯ ಶತಮಾನದ ಕಾವ್ಯಕ್ಕೂ ಇಪ್ಪತ್ತನೆಯ ಶತಮಾನದ ವಿದ್ಯುತ್ತಿಗೂ ಏನು ಸಂಬಂಧ? ನನಗೆ ತೋರುವ ಮಟ್ಟಿಗೆ ಸಂಬಂಧ ಗಾಢವಾಗಿಯೇ ಇದೆ. ಪಾಠಪರಿಷ್ಕರಣವೆಂದರೆ ಪ್ರತಿಯೊಂದು ಮಾತನ್ನೂ ಹಿಡಿದು, ಇದು ಇಲ್ಲಿ ನಿಲ್ಲುತ್ತದೆಯೇ, ಅರ್ಥ ಕೊಡುತ್ತದೆಯೇ ಎಂದು ಪರೀಕ್ಷಿಸುವುದು. ಹೊಸ ಮಾತನ್ನು ನಿಲ್ಲಿಸುವವನಿಗೂ ಬೇಕಾದದ್ದು ಅದೇ ಕಣ್ಣು. ಹಳಗನ್ನಡದ ಉಗ್ರಾಣದಲ್ಲಿ ಏನೇನಿದೆಯೆಂದು ತಿಳಿಯದವನು, ಮನೆಯಲ್ಲಿಯೇ ಇರುವ ಪಾತ್ರೆಯನ್ನು ನೆರೆಮನೆಯಿಂದ ಕಡ ತರುವ ಸೊಸೆಯಂತೆ ನಗೆಗೀಡಾಗುತ್ತಾನೆ.

ಅವರು ಪರಿಷತ್ತಿನ ಕಾರ್ಯದರ್ಶಿಗಳಾಗಿಯೂ ದುಡಿದರು. ಶಿಸ್ತಿಗೆ ಹೆಸರಾದವರು, ಲೆಕ್ಕದಲ್ಲಿಯೂ ಮಾತಿನಲ್ಲಿಯೂ ಸಡಿಲವನ್ನು ಸಹಿಸಿದವರಲ್ಲ. ತಮ್ಮ ಕಾಲದ ಹಿರಿಯರನ್ನು ಚಿತ್ರಿಸಿದ ಡಿ.ವಿ.ಜಿ.ಯವರು ತಮ್ಮ ಜ್ಞಾಪಕಗಳಲ್ಲಿ ಇವರಿಗೂ ಸ್ಥಾನ ಕೊಟ್ಟಿದ್ದಾರೆ. 1937ರಲ್ಲಿ ಜಮಖಂಡಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರು ಅಧ್ಯಕ್ಷರಾದರು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮತ್ತೆ ಇಂತಹ ಸಣ್ಣ ಸಂಸ್ಥಾನಗಳು ಎಂದು ಕನ್ನಡನಾಡು ಹಂಚಿಹೋಗಿದ್ದ ಕಾಲವದು. ನಾವು ಆಸ್ಪತ್ರೆಯೆಂದರೆ ಆ ಕಡೆಯವರು ದವಾಖಾನೆ ಎನ್ನುತ್ತಿದ್ದರು. ಇಂಗ್ಲಿಷಿನ ಒಂದು ಮಾತಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಕನ್ನಡವಾದರೆ, ಪುಸ್ತಕ ಬರೆಯುವವರು ಯಾವುದನ್ನು ಹಿಡಿಯಬೇಕು? ನಾಡು ಒಂದಾಗುವುದಕ್ಕೆ ಹತ್ತೊಂಬತ್ತು ವರ್ಷ ಮುಂಚೆಯೇ, ಮಾತು ಒಂದಾಗಬೇಕಾದ ಕೆಲಸ ಇಂತಹವರ ಮೇಜಿನ ಮೇಲೆ ಬಿದ್ದಿತ್ತು.

ನಿವೃತ್ತಿಯ ಅನಂತರವೂ ಅವರು ವಿಶ್ರಮಿಸಲಿಲ್ಲ. ಭೌತವಿಜ್ಞಾನ ಕಲಿಸಿದವರು ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದರು. ವಿಶ್ವವಿದ್ಯಾನಿಲಯವು ಇಂಗ್ಲಿಷ್-ಕನ್ನಡ ನಿಘಂಟನ್ನು ಸಿದ್ಧಪಡಿಸಲು ತೊಡಗಿದಾಗ ಸಂಪಾದಕರ ಪೀಠ ಅವರಿಗೇ ಬಂದಿತು. ನಿಘಂಟಿನ ಕೆಲಸದಲ್ಲಿ ಹೊಗಳಿಕೆ ಕಡಿಮೆ. ಸಾವಿರ ಮಾತು ಸರಿಯಾಗಿದ್ದರೆ ಯಾರೂ ಗಮನಿಸುವುದಿಲ್ಲ. ಒಂದು ತಪ್ಪಿದರೆ ಊರೆಲ್ಲ ತೋರಿಸುತ್ತಾರೆ. ವಯಸ್ಸಾದ ದೇಹದಿಂದ ಅವರು ಆ ಕೆಲಸವನ್ನು ನಡೆಸಿದರು. 1943ರಲ್ಲಿ ತೀರಿಕೊಂಡರು. ನಿಘಂಟು ಅಚ್ಚಾದದ್ದು ಮೂರು ವರ್ಷಗಳ ಮೇಲೆ.

ಆ ನಿಘಂಟಿನಲ್ಲಿ ನನ್ನ ಕಾಗದಕ್ಕೆ ಬೇಕಾಗಿದ್ದ ಕನ್ನಡವೆಲ್ಲ ಇರಲು ಸಾಧ್ಯವಿಲ್ಲ. ಅದು ಅವರ ದೋಷವೂ ಅಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ಸಂಶೋಧಕರು ಮೊಲದ ಮೂಳೆಯೊಳಗೆ ಟೈಟೇನಿಯಂ ಸಾಧನವನ್ನಿಟ್ಟು ಪ್ರಯೋಗ ನಡೆಸುತ್ತಿದ್ದಾಗ, ಮೂಳೆಯು ಆ ಲೋಹವನ್ನು ಬಿಡಿಸಲಾಗದಂತೆ ಅಪ್ಪಿಕೊಂಡುದನ್ನು ಕಂಡದ್ದು 1952ರ ಸುಮಾರಿಗೆ. ಮನುಷ್ಯನ ದವಡೆಯಲ್ಲಿ ಅವರು ಅಂತಹ ತಿರುಪನ್ನು ಮೊದಲು ಕೂರಿಸಿದ್ದು 1965ರಲ್ಲಿ. ಆಸಿಯೋಇಂಟಿಗ್ರೇಷನ್ ಎಂಬ ಮಾತು ಅದರ ತರುವಾಯದ್ದು. ವಸ್ತು ಹುಟ್ಟುತ್ತಲೇ ಇರುತ್ತದೆ, ಅದರ ಹಿಂದೆಯೇ ಮಾತು ಹುಟ್ಟಬೇಕು. ವೆಂಕಟನಾರಣಪ್ಪನವರ ಕಾಲದ ಮೇಲೆ ಡಾಕ್ಟರ್ ಡಿ. ಎಸ್. ಶಿವಪ್ಪನವರಂತಹ ವೈದ್ಯರು ವೈದ್ಯಕೀಯ ಪದಗಳನ್ನು ಕನ್ನಡದಲ್ಲಿ ಶ್ರಮಪಟ್ಟು ಸಂಗ್ರಹಿಸಿದರು. ಆದರೆ ಕೋಶದಲ್ಲಿರುವ ಮಾತು ಚಿಕಿತ್ಸಾಲಯದ ಮೇಜಿನವರೆಗೆ ನಡೆದು ಬರಬೇಕಾದರೆ ಅದನ್ನು ಕೈಹಿಡಿದು ಕರೆತರುವವರು ಬೇಕು. ಮೂವತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಹೇಳಿದ ನಾನೇ ಆ ಕೆಲಸ ಮಾಡಲಿಲ್ಲ. ಜಾಣನೆನ್ನಿಸಿಕೊಳ್ಳಲು ಸುಮ್ಮನೆ ಸಹಿ ಹಾಕಿದೆ.

ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಈಚೆಗೆ ನಡೆದ ಒಂದು ಸಂಗತಿಯನ್ನು ಹೇಳದೆ ಈ ಬರೆಹ ಮುಗಿಯದು. ಉಪ್ಪಾರಹಳ್ಳಿ ಹೆಸರೇ ಹೇಳುವಂತೆ ಉಪ್ಪಾರರ ಊರು. ಹಿಂದೆ ಉಪ್ಪು ತೆಗೆಯುತ್ತಿದ್ದ, ತರುವಾಯ ಮಣ್ಣು ಮತ್ತು ಗಾರೆಯ ಕೆಲಸದಲ್ಲಿ ನುರಿತ ಜನ ಅವರು. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ಗಾರೆ ಮೇಸ್ತ್ರಿಗಳಿದ್ದಾರೆ. ಅವರ ಹೆಂಡತಿಗೆ ಕೆಳದವಡೆಯಲ್ಲಿ ಇಂಪ್ಲಾಂಟ್ ಹಾಕಬೇಕೆಂದು ಬೇರೊಬ್ಬ ವೈದ್ಯರು ಹೇಳಿ, ನನಗೆ ಕೊಟ್ಟಂತಹುದೇ ಕಾಗದವನ್ನು ಕೊಟ್ಟಿದ್ದರು. ಮೇಷ್ಟ್ರು ಓದಿ ಹೇಳಬೇಕೆಂದು ಮೇಸ್ತ್ರಿಗಳು ಅದನ್ನು ತಂದರು. ನಾನು ಜಗಲಿಯ ಮೇಲೆ ಕುಳಿತು ಒಂದೊಂದು ಮಾತನ್ನೂ ಬಿಡಿಸಿದೆ.

ತಿರುಪನ್ನು ಕೂರಿಸಿದ ಮೇಲೆ ಹಲ್ಲು ಹಾಕಲು ತಿಂಗಳುಗಟ್ಟಲೆ ಏಕೆ ಕಾಯಬೇಕೆಂಬುದನ್ನು ವಿವರಿಸಲು ನಾನು ತಡವರಿಸುತ್ತಿದ್ದೆ. ಅವರೇ ಕೈಯೆತ್ತಿ ತಡೆದರು. ಮೋಲ್ಡು ಹಾಕಿದ ಮಾರನೆಯ ದಿನವೇ ಸೆಂಟ್ರಿಂಗ್ ಬಿಚ್ಚಿ ಮೇಲೆ ಭಾರ ಹೇರುವ ಮೇಸ್ತ್ರಿಯುಂಟೇ, ಕಾಂಕ್ರೀಟು ಕಚ್ಚಿಕೊಳ್ಳಬೇಡವೇ ಎಂದು ನನಗೇ ತಿಳಿಯಹೇಳಿದರು. ಮೂಳೆಯು ಲೋಹವನ್ನು ಕಚ್ಚಿಕೊಳ್ಳುವುದಕ್ಕೆ ಅದಕ್ಕಿಂತ ನೇರವಾದ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಒಳಗೆ ಹೋಗುವ ತಿರುಪು ಹಲ್ಲಲ್ಲ, ಹಲ್ಲಿನ ಬೇರಿನ ಸ್ಥಾನದಲ್ಲಿರುವುದು ಎಂದು ನಾನು ಹೇಳಿದಾಗ, ಅವರು ಅದನ್ನು ಕೂರಿಸಿದ ಬೇರು ಎಂದು ಕರೆದರು. ಆ ಹೆಸರಿನಿಂದಲೇ ಹೆಂಡತಿಗೂ ವಿವರಿಸಿದರು. ಆಕೆ ಕನ್ನಡಿ ನೋಡಿ ನನ್ನಂತೆ ಬೆಪ್ಪಾಗುವ ಪ್ರಸಂಗವಿರಲಿಲ್ಲ.

ಪ್ಯಾರಿಸ್ಥೀಸಿಯಾ ಬಂದಾಗ ನಾನು ನನ್ನ ತುಟಿಯನ್ನು ಮುಟ್ಟಿ ತೋರಿಸಿದೆ. ಜೋಮು ಎಂದೆ, ಒಳಗಿನ ನರದ ಕಾಲುವೆಯ ವಿಚಾರ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮಾರನೆಯ ದಿನ ವೈದ್ಯರ ಬಳಿಗೆ ಹೋಗಿ, ಗೋಡೆಗೆ ಡ್ರಿಲ್ ಹಾಕುವ ಮುಂಚೆ ತಾವು ಒಳಗೆ ಕರೆಂಟಿನ ವೈರು ಎಲ್ಲಿ ಹೋಗಿದೆಯೆಂದು ಕೇಳಿಯೇ ಹಾಕುವುದೆಂದೂ, ಈ ಗೋಡೆಯಲ್ಲಿ ವೈರು ಎಲ್ಲಿದೆ, ತೂತಿಗೂ ಅದಕ್ಕೂ ಎಷ್ಟು ಅಂತರವೆಂದು ತೋರಿಸಬೇಕೆಂದೂ ಕೇಳಿದರಂತೆ. ವೈದ್ಯರು ಮೂರು ಆಯಾಮದ ಎಕ್ಸ್-ರೇ ಚಿತ್ರವನ್ನು ಪರದೆಯ ಮೇಲೆ ತಂದು, ನರದ ಕಾಲುವೆಯನ್ನು ಗುರುತಿಸಿ, ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು ತೋರಿಸಿದರು. ಮೊದಲು ಎಣಿಸಿದ್ದಕ್ಕಿಂತ ಗಿಡ್ಡವಾದ ತಿರುಪನ್ನು ಆರಿಸಿದರು. ಅದಾದ ಮೇಲೆಯೇ ಆಕೆಯ ಹೆಬ್ಬೆಟ್ಟು ಕಾಗದದ ಮೇಲೆ ಬಿತ್ತು. ಆಕೆಯ ತುಟಿಗೆ ಏನೂ ಆಗಲಿಲ್ಲ.

ಅಂತಹುದೇ ಪ್ರಶ್ನೆಯನ್ನು ನಾನು ಕೇಳಿದ್ದರೆ ನನ್ನ ತುಟಿ ಉಳಿಯುತ್ತಿತ್ತೆಂದು ಹೇಳಲಾರೆ. ಎಷ್ಟು ಎಚ್ಚರಿಕೆ ವಹಿಸಿದರೂ ಒಮ್ಮೊಮ್ಮೆ ಹೀಗಾಗುವುದುಂಟು. ಆದರೆ ಪ್ರಶ್ನೆ ಕೇಳುವುದಕ್ಕೆ ಮೊದಲು ಮಾತು ಬೇಕು. ಹೆಬ್ಬೆಟ್ಟೊತ್ತುವವರಿಗೆ ಮಾತು ಸಿಕ್ಕಿತು, ಅವರು ಕೇಳಿದರು. ಸಹಿ ಹಾಕಬಲ್ಲ ನನಗೆ ಅದಿರಲಿಲ್ಲ, ನಾನು ಕೇಳಲಿಲ್ಲ. ಬೆಳ್ಳಾವೆಯಿಂದ ಹೊರಟ ಹುಡುಗನೊಬ್ಬನು ಎಪ್ಪತ್ತು ವರ್ಷ ದಾಟಿದ ಮೇಲೂ ಪದಗಳ ರಾಶಿಯ ನಡುವೆ ಏಕೆ ಕುಳಿತಿದ್ದನೆಂಬುದು ನನಗೆ ನಮ್ಮ ಜಗಲಿಯ ಮೇಲೆ ತಿಳಿಯಿತು.

ಅಂದು ರಾತ್ರಿ ನಿಘಂಟನ್ನು ಮತ್ತೆ ಇಳಿಸಿ, ಇಂಗ್ಲಿಷಿನ ಐ ಅಕ್ಷರದ ಪುಟಗಳನ್ನು ತೆರೆದು, ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದೆ: ಇಂಪ್ಲಾಂಟ್, ಕೂರಿಸಿದ ಬೇರು. ಪಕ್ಕದಲ್ಲಿ ಮೇಸ್ತ್ರಿಗಳ ಹೆಸರನ್ನೂ ತಾರೀಖನ್ನೂ ಹಾಕಿದೆ. ಮಾತನ್ನು ಕೊಟ್ಟವರು ಯಾರೆಂದು ಮುಂದೆ ನಿಘಂಟನ್ನು ತೆರೆಯುವವರಿಗೆ ತಿಳಿದಿರಲಿ.